ಮರೆಯ ನೀರು, ತೆರೆದ ಲೆಕ್ಕ

ತಿಪಟೂರು ಸೀಮೆಯ ಹಳೆಯ ಮನೆಗಳಲ್ಲಿ ಅಟ್ಟವೆಂದರೆ ಬೆಳಕು ಅಷ್ಟಾಗಿ ಸುಳಿಯದ ಜಾಗ. ಕಿತ್ತ ತೆಂಗಿನಕಾಯಿ ಒಮ್ಮೆ ಅಲ್ಲಿಗೆ ಏರಿತೆಂದರೆ ಹತ್ತು ಹನ್ನೆರಡು ತಿಂಗಳು ಕೆಳಗಿಳಿಯುವುದಿಲ್ಲ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಡಗಡ ಎನ್ನುವ ಹೊತ್ತಿಗೆ ಕಾಯಿ ಉಂಡೆ ಕೊಬ್ಬರಿಯಾಗಿರುತ್ತದೆ. ಈ ಕೆಲಸವೆಲ್ಲ ಯಾರ ಕಣ್ಣಿಗೂ ಬೀಳದೆ ಕತ್ತಲಲ್ಲೇ ನಡೆಯುತ್ತದೆ. ಹಾಗೆಂದು ಅಟ್ಟವನ್ನು ಯಾರೂ ಶಂಕಿಸಿದ್ದಿಲ್ಲ.

ಮರೆಯಲ್ಲಿ ಕೆಲಸ ಸಾಗಿಸುವ ಜಾಣ್ಮೆ ದೊಡ್ಡ ಪ್ರಮಾಣದಲ್ಲೂ ಉಂಟು. ಅಮೆರಿಕದ ಫ್ಲಾರಿಡಾದಲ್ಲಿ 1971ರಲ್ಲಿ ಬಾಗಿಲು ತೆರೆದ ಡಿಸ್ನಿ ಸಂಸ್ಥೆಯ ‘ಮ್ಯಾಜಿಕ್ ಕಿಂಗ್‌ಡಮ್’ ವಿನೋದವನದಲ್ಲಿ ಸರಕು, ಕಸ, ವೇಷ ತೊಟ್ಟ ನೌಕರರು ಸಾಗುವುದು ಹೆಚ್ಚಾಗಿ ಸುರಂಗಗಳಲ್ಲಿ. ಅಲ್ಲಿ ಅಂತರ್ಜಲ ತೀರಾ ಮೇಲಿರುವುದರಿಂದ ಆಳಕ್ಕೆ ಅಗೆಯುವಂತಿರಲಿಲ್ಲ. ಸುರಂಗವನ್ನು ನೆಲಮಟ್ಟದಲ್ಲೇ ಕಟ್ಟಿ, ಎದುರಿಗೆ ಸರೋವರ ತೋಡಿದಾಗ ಬಂದ ಮಣ್ಣನ್ನು ತುಂಬಿ, ಉದ್ಯಾನವನ್ನೇ ಮೇಲಂತಸ್ತಿಗೆ ಏರಿಸಿದರು. ಬೀದಿಯಲ್ಲಿ ನಡೆದೆನೆಂದುಕೊಳ್ಳುವ ಪ್ರವಾಸಿಗ ತುಳಿಯುವುದು ಮಹಡಿಯನ್ನು. ಅಲ್ಲಿನ ಮರೆ ನೋಡುವವರ ಸಂತೋಷಕ್ಕೆ; ಅದರಿಂದ ಪ್ರವಾಸಿಗನ ಪಾಲಿನದೇನೂ ಕರಗುವುದಿಲ್ಲ. ಆದರೆ ನೆಲದಡಿ ಸಾಗುವುದು ಹಲವು ತಾಲ್ಲೂಕುಗಳು ಹಂಚಿಕೊಳ್ಳಬೇಕಾದ ನೀರಾದರೆ, ಪ್ರಶ್ನೆಯ ತೂಕ ಬೇರೆಯಾಗುತ್ತದೆ.

ತೆಂಗಿನ ಸೀಮೆಯ ಬಾಳಿಗೂ ಅಂಥದೊಂದು ಸುರಂಗವಿದೆ. ಗೊರೂರಿನ ಹೇಮಾವತಿ ಜಲಾಶಯದಿಂದ ಹೊರಟ ನೀರು ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರಿನ ಬಳಿ ನೆಲದೊಳಗೆ ಹೊಕ್ಕು, ಒಂಬತ್ತು ಕಿಲೋಮೀಟರಿಗೂ ಮಿಕ್ಕ ದೂರವನ್ನು ಕತ್ತಲಲ್ಲೇ ಕ್ರಮಿಸಿ, ನವಿಲೆಯ ಬಳಿ ಹೊರಬರುತ್ತದೆ. ಅಲ್ಲಿಂದ ಮುಂದೆ ತುಮಕೂರು ನಾಲೆ ತಿಪಟೂರು, ತುರುವೇಕೆರೆ, ಗುಬ್ಬಿ ತಾಲ್ಲೂಕುಗಳನ್ನು ಹಾದು ಹೋಗುತ್ತದೆ. ನಾಲೆಯ ಕೊನೆಯ ಭಾಗದಲ್ಲಿ ಕುಣಿಗಲ್ ಇದೆ. ಗುಬ್ಬಿ ತಾಲ್ಲೂಕಿನ ಸುಂಕಾಪುರದ ಬಳಿ, ನಾಲೆಯ 70ನೇ ಕಿಲೋಮೀಟರಿನ ಆಸುಪಾಸಿನಲ್ಲಿ ನೀರನ್ನು ತಿರುಗಿಸಿ, ನೆಲದಡಿಯ ಭಾರಿ ಕೊಳವೆಯಲ್ಲಿ ನೇರವಾಗಿ ಕುಣಿಗಲ್ ಕಡೆಗೆ ಒಯ್ಯುವುದು ‘ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್’ ಯೋಜನೆ. ಸುಮಾರು 35 ಕಿಲೋಮೀಟರ್ ಉದ್ದದ, ಸಾವಿರ ಕೋಟಿ ರೂಪಾಯಿಯ ಆಜುಬಾಜಿನ ಈ ಕೆಲಸ ಒಂದು ಸರ್ಕಾರದಲ್ಲಿ ಹುಟ್ಟಿ, ಮತ್ತೊಂದರಲ್ಲಿ ಮೂಲೆಗೆ ಸರಿದು, ಮಗದೊಂದರಲ್ಲಿ ಜೀವ ಪಡೆಯಿತು. 2025ರ ಮೇ ತಿಂಗಳ ಕೊನೆಯಲ್ಲಿ ಸುಂಕಾಪುರದಲ್ಲಿ ನಿಷೇಧಾಜ್ಞೆಯ ನಡುವೆಯೂ ರೈತರ ದೊಡ್ಡ ಪ್ರತಿಭಟನೆ ನಡೆಯಿತು. ಪಕ್ಷ ರಾಜಕಾರಣವನ್ನು ಒತ್ತಟ್ಟಿಗಿಟ್ಟು ನೋಡಿದರೂ ಇಲ್ಲಿ ಎರಡು ಪ್ರಾಮಾಣಿಕ ವಾದಗಳಿವೆ.

ಕೊಳವೆಯ ಪರವಾದ ಮೊದಲ ಮಾತು ನ್ಯಾಯದ್ದು. ನಾಲೆಯ ತುದಿಯವರಿಗೆ ಕಾಗದದ ಮೇಲಿನ ಪಾಲು ಹೊಲಕ್ಕೆ ಇಳಿಯುವುದು ಕಷ್ಟವೆಂಬುದು ನಾಡಿನ ಎಲ್ಲ ನಾಲೆಗಳ ಅನುಭವ. ನೂರಾರು ಕಿಲೋಮೀಟರ್ ತೆರೆದ ಕಾಲುವೆಯಲ್ಲಿ ನೀರು ಇಂಗುತ್ತದೆ, ಆವಿಯಾಗುತ್ತದೆ, ಹೂಳಿಗೆ ಸಿಕ್ಕಿ ನಿಲ್ಲುತ್ತದೆ; ದಂಡೆಯ ಪಂಪ್‌ಸೆಟ್ಟುಗಳು ರಾತ್ರಿಯೆಲ್ಲ ಎಳೆಯುತ್ತವೆ. ಕುಣಿಗಲ್ ರೈತ ಕೇಳುವುದು ಹೊಸ ನೀರನ್ನಲ್ಲ, ತನ್ನ ಹೆಸರಿನಲ್ಲಿ ಎಂದೋ ಬರೆದಿಟ್ಟ ನೀರನ್ನು. ಅದನ್ನು ದಾರಿಯಲ್ಲಿ ಸೋರದಂತೆ ಮುಟ್ಟಿಸುವ ಹಾದಿ ಸಿಕ್ಕಿರುವಾಗ ಬೇಡವೆನ್ನಲು ಮೇಲಿನವರಿಗೆ ಯಾವ ಹಕ್ಕಿದೆ ಎಂಬ ಅವನ ಪ್ರಶ್ನೆಗೆ ಉತ್ತರ ಸುಲಭವಲ್ಲ.

ಇದಕ್ಕೆ ಎದುರುವಾದವೂ ಅಷ್ಟೇ ಗಟ್ಟಿ. ಕಾಲುವೆಯಿಂದ ಸೋರಿದ್ದೆಲ್ಲ ನಷ್ಟವೆಂದು ಬರೆದುಕೊಳ್ಳುವುದು ಎಂಜಿನಿಯರ್ ಲೆಕ್ಕ. ತೋಟದ ಲೆಕ್ಕದಲ್ಲಿ ಆ ಸೋರಿಕೆ ಬಾವಿಗೆ, ಕೊಳವೆಬಾವಿಗೆ, ಕೆರೆಯ ಅಚ್ಚುಕಟ್ಟಿಗೆ ಜಮೆಯಾಗುವ ನೀರು. ರಾಗಿ ಒಂದು ವರ್ಷ ಒಣಗಿದರೆ ಮುಂದಿನ ವರ್ಷ ಮತ್ತೆ ಬಿತ್ತಬಹುದು. ತೆಂಗಿನ ಸುಳಿ ಒಣಗಿದರೆ ಹೊಸ ಸಸಿ ಫಲ ಕೊಡಲು ಐದಾರು ವರ್ಷವಾದರೂ ಬೇಕು. ಬರಗಾಲಗಳಲ್ಲಿ ತಲೆ ಕಳಚಿಕೊಂಡು ನಿಂತ ಬೋಳು ಮರಗಳನ್ನು ಕಂಡ ರೈತ, ನೆಲ ನೆನೆಸುತ್ತ ಹೋಗುವ ನೀರನ್ನು ಪೋಲೆಂದು ಕರೆಯಲು ಒಪ್ಪದಿದ್ದರೆ ಅದು ಹಟವಲ್ಲ.

ಆದರೂ ಈ ವಾದಕ್ಕೊಂದು ಮಿತಿಯಿದೆ. ಇಂಗಿದ ನೀರು ಯಾರ ಬಾವಿಗೆ ಸೇರೀತೆಂದು ಯಾರೂ ಹೇಳಲಾರರು. ನಾಲೆಗೆ ಹತ್ತಿರವಿದ್ದವನಿಗೆ ಹೆಚ್ಚು, ದೂರದವನಿಗೆ ಶೂನ್ಯ. ಅದೃಷ್ಟದ ಹಂಚಿಕೆಯನ್ನು ಹಕ್ಕಿನ ಹಂಚಿಕೆಗಿಂತ ಮೇಲೆಂದು ಸಾಧಿಸುವುದು ಕಷ್ಟ. ಅಲ್ಲದೆ ಕೊಳವೆ ಎಂಬುದೇ ನಮಗೆ ಅಪಥ್ಯವಾಗಿಲ್ಲ. ತಿಪಟೂರು ತಾಲ್ಲೂಕಿನ ಹೊನ್ನವಳ್ಳಿ ಭಾಗದ ಕೆರೆಗಳಿಗೆ ಏತ ನೀರಾವರಿ ಬೇಕೆಂದು ಕೇಳಿದವರು ನಾವೇ. ಚಿಕ್ಕನಾಯಕನಹಳ್ಳಿ ಕಡೆಯ ಎತ್ತರದ ಕೆರೆಗಳಿಗೂ ನೀರನ್ನು ಪಂಪು ಮಾಡಿ ಕೊಳವೆಯಲ್ಲೇ ಏರಿಸಬೇಕು. ಮೇಲಕ್ಕೆ ಏರುವ ಕೊಳವೆ ಒಪ್ಪಿಗೆ, ಕೆಳಕ್ಕೆ ಇಳಿಯುವ ಕೊಳವೆ ಅನ್ಯಾಯ ಎಂದರೆ ಕೇಳುವವರಿಗೆ ಅನುಮಾನ ಹುಟ್ಟುತ್ತದೆ.

ಈ ಆಕ್ಷೇಪಕ್ಕೆ ವಿರೋಧಿಗಳಲ್ಲಿ ಉತ್ತರವಿಲ್ಲದಿಲ್ಲ. ಏತದ ನೀರು ಮೋಟಾರು ಓಡಿದಷ್ಟೇ ಹೊತ್ತು ಹರಿಯುತ್ತದೆ, ಕರೆಂಟಿನ ಬಿಲ್ಲೇ ಅದಕ್ಕೆ ಕಡಿವಾಣ. ಇಳಿಜಾರಿನ ಕೊಳವೆಗೆ ಅಂಥ ಕಡಿವಾಣವಿಲ್ಲ. ಬಾಯಿ ತೆರೆದಿದ್ದಷ್ಟು ಹೊತ್ತೂ ಅದು ಎಳೆಯುತ್ತಲೇ ಇರುತ್ತದೆ. ತಿಪಟೂರು, ತುರುವೇಕೆರೆಗಳು ಸುಂಕಾಪುರಕ್ಕಿಂತ ಮೇಲಿದ್ದರೂ ಆತಂಕ ತಪ್ಪಿದ್ದಲ್ಲ: ಕೆಳಗಿನ ಕೊಳವೆಯನ್ನು ತುಂಬಿಸಲೆಂದು ಮೇಲಿನ ತೂಬುಗಳನ್ನು ಮುಚ್ಚಿಸಿದರೆ ನೊಣವಿನಕೆರೆ, ಮಲ್ಲಾಘಟ್ಟದಂಥ ಕೆರೆಗಳ ಗತಿಯೇನು? ಕೊಳವೆ ಕುಣಿಗಲ್ ದಾಟಿ ಮಾಗಡಿ, ರಾಮನಗರದ ಕಡೆಗೆ ಬೆಳೆಯದೆಂದು ಯಾರು ಹೊಣೆ? ಕುಣಿಗಲ್ ರೈತನ ಮೇಲೆ ಇವರಿಗೆ ಹಗೆಯಿಲ್ಲ. ಕೊಳವೆಯ ಆಚೆ ತುದಿ ಎಲ್ಲಿ ಮುಗಿಯುತ್ತದೆ ಎಂಬುದು ಕಾಣದಿರುವುದೇ ಇವರ ದಿಗಿಲು.

ನೆಲದ ಪ್ರಶ್ನೆಯಲ್ಲಿ ಮಾತ್ರ ಮರೆಯ ಮಾರ್ಗಕ್ಕೆ ಬಲ ಹೆಚ್ಚು. ತೆರೆದ ಕಾಲುವೆ ಭೂಮಿಯನ್ನು ಶಾಶ್ವತವಾಗಿ ನುಂಗುತ್ತದೆ, ತೋಟವನ್ನು ಎರಡಾಗಿ ಸೀಳುತ್ತದೆ. ಎತ್ತಿನಹೊಳೆ ಯೋಜನೆಯ ತೆರೆದ ಕಾಲುವೆ ಇದೇ ಸೀಮೆಯಲ್ಲಿ ಹಾಯುವಾಗ ಫಲ ಬಿಡುತ್ತಿದ್ದ ಮರಗಳಿಗೆ ಬೆಲೆ ಕಟ್ಟುವ ಕಷ್ಟ ಎದ್ದದ್ದು ನೆನಪಿದೆ. ಕೊಳವೆ ಹೂತ ಮೇಲೆ ನೆಲವನ್ನು ಮುಚ್ಚಿ ಬೇಸಾಯಕ್ಕೆ ಮರಳಿಸಬಹುದು. ಪೂರ್ತಿಯಲ್ಲ, ಏಕೆಂದರೆ ಕೊಳವೆಯ ನೆತ್ತಿಯ ಮೇಲೆ ತೆಂಗು ನೆಡಲು ಯಾರೂ ಒಪ್ಪಲಾರರು. ಆದರೂ ನಷ್ಟ ಕಡಿಮೆ.

ಬಾಗೂರು-ನವಿಲೆ ಸುರಂಗವನ್ನು ಎರಡೂ ಕಡೆಯವರು ಸಾಕ್ಷಿಗೆ ಕರೆಯಬಹುದು. ನೆಲದಡಿಯ ಹಾದಿ ಇಲ್ಲದಿದ್ದರೆ ಹೇಮಾವತಿ ಈ ಸೀಮೆಯ ಮುಖವನ್ನೇ ನೋಡುತ್ತಿರಲಿಲ್ಲ. ಮರೆಯ ಮಾರ್ಗದ ಫಲ ಉಂಡವರು ಮರೆಯ ಮಾರ್ಗವನ್ನು ದೂರುವುದು ಸಲ್ಲದು ಎಂಬುದು ಒಂದು ಸಾಕ್ಷ್ಯ. ಸುರಂಗದ ಮೇಲಿನ ಊರುಗಳ ರೈತರು ತಮ್ಮ ಬಾವಿಗಳು ಬತ್ತಿದವೆಂದು, ಕಾಲಡಿಯ ನೀರು ತಮಗಿಲ್ಲವೆಂದು ಬಹುಕಾಲ ಮೊರೆಯಿಡಬೇಕಾಯಿತು ಎಂಬುದು ಮತ್ತೊಂದು. ಮೊದಲನೆಯದು ಯೋಜನೆಯನ್ನು ಸಮರ್ಥಿಸುತ್ತದೆ. ಎರಡನೆಯದು ಕಣ್ಣಿಗೆ ಕಾಣದ ಕಾಮಗಾರಿಯ ನೋವೂ ಬೇಗ ಕಣ್ಣಿಗೆ ಬೀಳುವುದಿಲ್ಲವೆಂದು ಎಚ್ಚರಿಸುತ್ತದೆ.

ತೆರೆದ ನಾಲೆಯ ಪರ ಇರುವ ಕೊನೆಯ ಮಾತು, ನನಗೆ ತೋರುವಂತೆ, ಅತ್ಯಂತ ಬಲವಾದದ್ದು. ನೀರು ಕಣ್ಣೆದುರು ಹರಿದರೆ ಊರೆಲ್ಲ ಕಾವಲು. ಹಿಂದೆ ನೀರುಗಂಟಿ ಕೆರೆಯ ತೂಬು ಎತ್ತುತ್ತಿದ್ದುದು ಹಗಲಲ್ಲಿ, ಅಚ್ಚುಕಟ್ಟಿನವರ ಎದುರು. ಯಾರ ಗದ್ದೆಗೆ ಎಷ್ಟು ಹೊತ್ತು ಎಂಬುದು ಗುಟ್ಟಾಗಿರಲಿಲ್ಲ. ಕೊಳವೆಯ ಗೇಟು ತಿರುಗಿಸುವವನು ಕಚೇರಿಯ ಆದೇಶಕ್ಕೆ ಉತ್ತರ ಕೊಟ್ಟಾನು, ಊರಿಗಲ್ಲ. ಇದಕ್ಕೆ ಎದುರಾಗಿ, ಆ ಕಾವಲಿನ ಕಣ್ಣೆದುರೇ ನಾಲೆಯ ದಂಡೆಯಲ್ಲಿ ಅಕ್ರಮ ಪಂಪುಗಳು ಸಾಲುಗಟ್ಟಿದವಲ್ಲ ಎಂದು ಕೊನೆಯಂಚಿನವರು ಕೇಳುತ್ತಾರೆ. ಎಲ್ಲರೂ ನೋಡಬಲ್ಲದ್ದನ್ನು ಯಾರೂ ತಡೆಯದಿರುವುದೂ ಉಂಟು. ತೆರೆದಿದ್ದ ಮಾತ್ರಕ್ಕೆ ನಾಲೆ ನ್ಯಾಯವಂತವಾಗದು.

ಇಷ್ಟನ್ನು ತೂಗಿದ ಮೇಲೆ, ಜಗಳ ಕೊಳವೆಗಿಂತ ಹೆಚ್ಚಾಗಿ ಅಳತೆಯ ಮೇಲಿದೆ ಎನಿಸುತ್ತದೆ. ಅಳತೆಯಾದರೋ ಲೆಕ್ಕಕ್ಕೆ ಸಿಗುವ ಸಂಗತಿ. ಕುಣಿಗಲ್ ಪಾಲನ್ನು ಮೂರು ಟಿಎಂಸಿ ಎಂದಿಟ್ಟುಕೊಂಡರೆ, ನೂರು ದಿನ ಎಡೆಬಿಡದೆ ಹರಿಸಿ ಅದನ್ನು ಮುಟ್ಟಿಸಲು ಸುಮಾರು 350 ಕ್ಯುಸೆಕ್ ಸಾಕು. ಕೊಳವೆಯ ಸಾಮರ್ಥ್ಯ ಅದರ ಸುತ್ತಮುತ್ತ ಇದ್ದರೆ ಮೇಲಿನವರ ಅಂಜಿಕೆಗೆ ಆಧಾರ ಕಡಿಮೆ. ಬಹಳ ಮಿಕ್ಕಿದ್ದರೆ ಆ ಹೆಚ್ಚಳ ಯಾರಿಗಾಗಿ ಎಂದು ಕೇಳುವುದು ನ್ಯಾಯ. ಮೇಲಿನ ತೂಬುಗಳಲ್ಲೂ ಇಂಥದೇ ಅಳತೆ ನಡೆಯಲೇಬೇಕು, ಏಕೆಂದರೆ ತನ್ನ ಲೆಕ್ಕ ತೋರಿಸದವನು ಇನ್ನೊಬ್ಬನ ಲೆಕ್ಕ ಕೇಳಲಾರ.

ಹಾಗಾಗಿ, ತುಸು ಅಳುಕಿನಿಂದಲೇ, ನಡುದಾರಿಯೊಂದರ ಕಡೆಗೆ ವಾಲಬಹುದು. ಕೊನೆಯಂಚಿಗೆ ಕೊಳವೆ ಹೋಗಲಿ, ಆದರೆ ಅದರ ಸಾಮರ್ಥ್ಯ ಅಲ್ಲಿನ ಪಾಲಿಗೆ ಕಟ್ಟುಬೀಳಲಿ. ಬಾಯಿಯಲ್ಲೂ ಕೊನೆಯಲ್ಲೂ ಅಳತೆಯ ಮಾಪಕವಿದ್ದು, ದಿನದ ಅಂಕಿಯನ್ನು ನಾಲೆಯ ಮೇಲಿನ ಪ್ರತಿ ಗ್ರಾಮ ಪಂಚಾಯಿತಿಯ ಹಲಗೆಯಲ್ಲಿ ಬರೆಯಲಿ. ಗೇಟಿನ ತೀರ್ಮಾನದಲ್ಲಿ ಎಲ್ಲ ತಾಲ್ಲೂಕುಗಳ ನೀರು ಬಳಕೆದಾರರೂ ಕೂರಲಿ. ಹಳೆಯ ನಾಲೆ ಕೆರೆ ತುಂಬಿಸುವುದನ್ನು ಮುಂದುವರಿಸಲಿ. ಇದರಿಂದ ಇಬ್ಬರಿಗೂ ಪೂರ್ತಿ ಸಮಾಧಾನವಾಗದು: ಮೇಲಿನವರು ಒಂದಿಷ್ಟು ಇಂಗುವಿಕೆಯನ್ನು ಕಳೆದುಕೊಂಡಾರು, ಕೆಳಗಿನವರು ಒಂದಿಷ್ಟು ವೇಗವನ್ನು.

ಅಟ್ಟದ ಕತ್ತಲನ್ನು ಯಾರೂ ಶಂಕಿಸದಿರುವುದಕ್ಕೆ ಕಾರಣ ಸರಳ. ಏಣಿ ಮನೆಯವರ ಕೈಯಲ್ಲೇ ಇದೆ, ಬೇಕೆಂದಾಗ ಹತ್ತಿ ಕಾಯಿ ಅಲ್ಲಾಡಿಸಿ ನೋಡಬಹುದು. ಕೊನೆಗೆ ಮಾರುಕಟ್ಟೆಯಲ್ಲಿ ಚೀಲ ಬಿಚ್ಚಿ, ಎಲ್ಲರೆದುರು ತೂಗಿಯೇ ತೂಗುತ್ತಾರೆ. ಸುಂಕಾಪುರದ ಕೊಳವೆಗೂ ಅಂಥದೊಂದು ಏಣಿ ಸಿಕ್ಕರೆ, ತೆಂಗಿನ ಸೀಮೆ ಅದನ್ನು ಅಟ್ಟದಂತೆಯೇ ನಂಬೀತು.