ಆವೆಮಣ್ಣಿನ ಅಂಕಣ ಕಲಿಸುವ ಪಾಠ

ಪ್ಯಾರಿಸ್‌ನ ರೋಲ್ಯಾಂಡ್ ಗ್ಯಾರೋಸ್ ಕ್ರೀಡಾಂಗಣದ ಆವೆಮಣ್ಣಿನ ಅಂಕಣಗಳು ಟೆನಿಸ್‌ಪ್ರಿಯರಿಗೆಲ್ಲ ಪರಿಚಿತ. ಆದರೆ ಎರಡು ಮಹಾಯುದ್ಧಗಳ ನಡುವಿನ ಅದರ ಇತಿಹಾಸ ಕ್ರೀಡಾಪುಟಕ್ಕೆ ಮಾತ್ರ ಸೀಮಿತವಾದುದಲ್ಲ.

1891ರಲ್ಲಿ ಆರಂಭವಾದ ಫ್ರೆಂಚ್ ಚಾಂಪಿಯನ್‌ಷಿಪ್‌ನಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ಫ್ರಾನ್ಸಿನ ಕ್ಲಬ್‌ಗಳ ಸದಸ್ಯರಿಗಷ್ಟೇ ಪ್ರವೇಶವಿತ್ತು. 1925ರಲ್ಲಿ ಈ ನಿರ್ಬಂಧ ತೊಲಗಿ, ವಿದೇಶಿ ಹವ್ಯಾಸಿ ಆಟಗಾರರಿಗೂ ಬಾಗಿಲು ತೆರೆಯಿತು. 1927ರಲ್ಲಿ ಅಮೆರಿಕವನ್ನು ಮಣಿಸಿ ಡೇವಿಸ್ ಕಪ್ ಗೆದ್ದ ಫ್ರಾನ್ಸ್, ಮರುವರ್ಷ ಅದನ್ನು ತವರಿನಲ್ಲಿ ಉಳಿಸಿಕೊಳ್ಳುವ ಹೋರಾಟಕ್ಕಾಗಿ ಈ ಕ್ರೀಡಾಂಗಣವನ್ನು ನಿರ್ಮಿಸಿತು. ಮೊದಲ ಮಹಾಯುದ್ಧದಲ್ಲಿ ಮಡಿದ ವೈಮಾನಿಕನ ಹೆಸರನ್ನು ಅದಕ್ಕಿಟ್ಟಿತು. ಚಾಂಪಿಯನ್‌ಷಿಪ್ ಕೂಡ ಅಲ್ಲಿಗೇ ಬಂತು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಮುಂದಿನ ಫಲಿತಾಂಶಗಳು ಕುತೂಹಲಕರವಾಗಿ ಕಾಣುತ್ತವೆ. 1932ರವರೆಗೆ ಪುರುಷರ ಸಿಂಗಲ್ಸ್ ಪ್ರಶಸ್ತಿ ಲಕೋಸ್ತ್, ಕೋಷೆ, ಬೊರೋತ್ರಾ ಎಂಬ ಮೂವರು ಫ್ರೆಂಚರ ನಡುವೆಯೇ ಉಳಿಯಿತು. 1933ರಲ್ಲಿ ಆಸ್ಟ್ರೇಲಿಯಾದ ಜಾಕ್ ಕ್ರಾಫರ್ಡ್ ಅದನ್ನು ಕಸಿದುಕೊಂಡರು. ಅಲ್ಲಿಂದ 1939ರವರೆಗೆ ಯಾವ ಫ್ರೆಂಚನೂ ಗೆಲ್ಲಲಿಲ್ಲ. ಜರ್ಮನಿಯನ್ನು ಹಿಟ್ಲರ್ ಆಳುತ್ತಿದ್ದಾಗಲೂ ಆ ದೇಶದ ಗಾಟ್‌ಫ್ರೀಡ್ ಫಾನ್ ಕ್ರಾಮ್ 1934 ಮತ್ತು 1936ರಲ್ಲಿ ಇಲ್ಲಿ ವಿಜೇತರಾದರು. ಆತಿಥೇಯರು ಸತತವಾಗಿ ಸೋತರೂ ಬಾಗಿಲು ಮುಚ್ಚಲಿಲ್ಲ. ಅಂಕಣದಲ್ಲಿ ಆಟಗಾರನನ್ನು ಅಳೆದದ್ದು ಆಟದಿಂದಲೇ ಹೊರತು ಪಾಸ್‌ಪೋರ್ಟಿನಿಂದಲ್ಲ.

1939ರ ಸೆಪ್ಟೆಂಬರ್‌ನಲ್ಲಿ ಯುದ್ಧ ಆರಂಭವಾದ ಮೇಲೆ ಅದೇ ಕ್ರೀಡಾಂಗಣ 'ಅನಪೇಕ್ಷಿತ' ವಿದೇಶಿಯರನ್ನು ಕೂಡಿಹಾಕುವ ತಾಣವಾಯಿತು. ಹಾಗೆ ಬಂಧಿತರಾದವರಲ್ಲಿ ಹಂಗೇರಿ ಮೂಲದ ಲೇಖಕ ಆರ್ಥರ್ ಕೋಸ್ಲರ್ ಒಬ್ಬರು. ಅವರು ನಾಜಿವಾದದ ಕಟ್ಟಾ ವಿರೋಧಿ. ಸ್ಪೇನ್‌ನಲ್ಲಿ ಫ್ರಾಂಕೊನ ಸೆರೆಮನೆಯನ್ನೂ ಕಂಡಿದ್ದವರು. ಫ್ರಾನ್ಸಿನ ಶತ್ರುವನ್ನೇ ತನ್ನ ಶತ್ರುವೆಂದು ಬಗೆದ ವ್ಯಕ್ತಿ ಫ್ರಾನ್ಸಿನ ಬಂದಿಯಾದದ್ದು ವಿಪರ್ಯಾಸ.

ಯುದ್ಧಕಾಲದಲ್ಲಿ ಸರ್ಕಾರ ಎಚ್ಚರ ವಹಿಸುವುದು ತಪ್ಪಲ್ಲ. ಆದರೆ ವ್ಯಕ್ತಿಯನ್ನು ವಿಚಾರಿಸುವ ಬದಲು ಒಂದು ವರ್ಗವನ್ನೇ ಶಂಕಿಸುವುದು ಆಡಳಿತಕ್ಕೆ ಸುಲಭದ ದಾರಿ. ಒಂದು ಆದೇಶಕ್ಕೆ ಸಹಿ ಬಿದ್ದರೆ ಸಾಕು, ಸಾವಿರ ಕಡತಗಳನ್ನು ಓದುವ ಶ್ರಮ ತಪ್ಪುತ್ತದೆ. ಸರ್ಕಾರಿ ಸೇವೆಯಲ್ಲಿ ದಶಕಗಳನ್ನು ಕಳೆದ ನಾನು ಈ ಪ್ರಲೋಭನೆಯ ಬಲವನ್ನು ಬಲ್ಲೆ. ಅಂಥ ಆದೇಶಗಳನ್ನು ಜಾರಿಗೊಳಿಸುವವರು ಕ್ರೂರಿಗಳೇ ಆಗಿರಬೇಕಿಲ್ಲ. ಬಹುಪಾಲು ಮಂದಿ ನಿಯಮ ಪಾಲಿಸುವ ಗುಮಾಸ್ತರೇ ಆಗಿರುತ್ತಾರೆ.

ನಿರಾಶ್ರಿತರ, ವಲಸಿಗರ ಪ್ರಶ್ನೆ ಎದ್ದಾಗಲೆಲ್ಲ ಈ ಇತಿಹಾಸ ನಮ್ಮ ನೆನಪಿನಲ್ಲಿರಬೇಕು. ಬಂಧನಕ್ಕೆ ಒಳಗಾಗುವ ಪ್ರತಿಯೊಬ್ಬರಿಗೂ ತಮ್ಮ ಮಾತನ್ನು ಹೇಳಿಕೊಳ್ಳುವ ಅವಕಾಶ, ಸ್ವತಂತ್ರ ವಿಚಾರಣೆ ಮತ್ತು ನಿಗದಿತ ಕಾಲಮಿತಿಯನ್ನು ಕಾನೂನೇ ಖಾತರಿಪಡಿಸಬೇಕು. ಅಧಿಕಾರಿಯ ಸಜ್ಜನಿಕೆಗೆ ಬಿಟ್ಟುಕೊಡುವ ವಿಷಯ ಇದಲ್ಲ.