ಕಾರ್ಯಪ್ಪನವರ ನಿವೃತ್ತಿಯ ನಲವತ್ತು ವರ್ಷ

ಜನವರಿ 28 ಬಂತೆಂದರೆ ಫೀಲ್ಡ್ ಮಾರ್ಷಲ್ ಕೆ. ಎಂ. ಕಾರ್ಯಪ್ಪನವರಿಗೆ ಹಾರ ಹಾಕುತ್ತೇವೆ, ಭಾಷಣ ಕೇಳುತ್ತೇವೆ, ಕಣದಲ್ಲಿ ಹರಡಿದ ಕಾಫಿಯ ನೆನಪಾಗಿ ಅವಸರದಲ್ಲಿ ಮನೆಗೆ ಮರಳುತ್ತೇವೆ. ಭಾಷಣಗಳಲ್ಲಿ 1949ರ ಜನವರಿ 15ರ ಮಾತೇ ಹೆಚ್ಚು. ಭಾರತೀಯನೊಬ್ಬ ಮೊದಲ ಬಾರಿಗೆ ಸೇನೆಯ ಮಹಾದಂಡನಾಯಕನಾದ ಆ ದಿನ ಕೊಡಗಿಗೆ ಹೆಮ್ಮೆಯ ದಿನ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಹುದ್ದೆಯಲ್ಲಿ ಅವರಿದ್ದುದು ನಾಲ್ಕೇ ವರ್ಷ. 1953ರ ಜನವರಿಯಲ್ಲಿ ನಿವೃತ್ತರಾದ ಮೇಲೆ, 1993ರ ಮೇ 15ರಂದು ತೊಂಬತ್ತನಾಲ್ಕನೆಯ ವಯಸ್ಸಿನಲ್ಲಿ ಕಣ್ಮುಚ್ಚುವವರೆಗೆ, ನಲವತ್ತು ವರ್ಷ ಅವರೂ ಒಬ್ಬ ಮಾಜಿ ಸೈನಿಕರು. ಈ ನಲವತ್ತು ವರ್ಷಗಳನ್ನು ನಾವು ಸಾಕಷ್ಟು ನೆನೆಯುತ್ತಿಲ್ಲವೆಂಬುದೇ ನಮ್ಮ ತಕರಾರು.

ಆಸ್ಟ್ರೇಲಿಯ, ನ್ಯೂಜಿಲೆಂಡುಗಳಲ್ಲಿ ಹೈಕಮಿಷನರ್ ಆಗಿ ಕೆಲಸ ಮುಗಿಸಿ ಬಂದ ಮೇಲೆ ಅವರು ಮಡಿಕೇರಿಯ 'ರೋಷನಾರಾ'ದಲ್ಲಿ ನೆಲೆಸಿದರು. ಬೇರೆಯವರಾಗಿದ್ದರೆ ವರಾಂಡದಲ್ಲಿ ಕುಳಿತು ಹಳೆಯ ಯುದ್ಧಗಳ ಕಥೆ ಹೇಳಿಕೊಂಡು ಕಾಲ ಕಳೆಯಬಹುದಿತ್ತು. ಇರಾಕಿನಿಂದ ಬರ್ಮಾದವರೆಗೆ ಅವರಲ್ಲಿ ಕಥೆಗಳಿಗೇನೂ ಕೊರತೆಯಿರಲಿಲ್ಲ. ಅವರು ಹಾಗೆ ಮಾಡಲಿಲ್ಲ. ಸೇನೆ ಬಿಟ್ಟು ಬಂದ ಸಿಪಾಯಿ, ಹವಾಲ್ದಾರರ ಗತಿ ಏನೆಂದು ವಿಚಾರಿಸಿದರು. 1964ರಲ್ಲಿ ಮಾಜಿ ಸೈನಿಕರ ಅಖಿಲ ಭಾರತ ಸಂಘವನ್ನು ಕಟ್ಟಿದರು. ನಿವೃತ್ತರ ಪುನರ್ವಸತಿಗೆ ಸರ್ಕಾರದಲ್ಲಿ ಪ್ರತ್ಯೇಕ ನಿರ್ದೇಶನಾಲಯ ಬರುವಲ್ಲಿಯೂ ಅವರ ಪಾತ್ರವಿತ್ತು. ಹಣ ಕೊಡುವ ದಾನಿಗಳು ನಮ್ಮಲ್ಲಿ ಉಂಟು, ಅವರಿಗೆ ನಮಸ್ಕಾರ. ತನ್ನ ಹೆಸರನ್ನೂ ವಿಶ್ರಾಂತಿಯ ಕಾಲವನ್ನೂ ತನಗಿಂತ ಕೆಳಗಿನ ಹುದ್ದೆಯವರ ಅರ್ಜಿಗಾಗಿ ಕೊಡುವವರು ಅಪರೂಪ.

1965ರ ಸಂಗತಿ ಹಿರಿಯ ಸದಸ್ಯರಿಗೆ ಗೊತ್ತಿರುವುದೇ. ಆ ಯುದ್ಧದ ಕೊನೆಯ ಹೊತ್ತಿನಲ್ಲಿ ವಾಯುಪಡೆಯಲ್ಲಿದ್ದ ಅವರ ಮಗನ ವಿಮಾನ ಪಾಕಿಸ್ತಾನದಲ್ಲಿ ಉರುಳಿ, ಮಗ ಸೆರೆಯಾದರು. ಅಲ್ಲಿಯ ಅಧ್ಯಕ್ಷ ಅಯೂಬ್ ಖಾನ್ ವಿಭಜನೆಗೆ ಮುಂಚೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದವರು. ಮಗನಿಗೆ ವಿಶೇಷ ಅನುಕೂಲ ಮಾಡಿಕೊಡುವ ಮಾತು ಬಂದಾಗ, ಸೆರೆಯಾಳುಗಳೆಲ್ಲರೂ ತನಗೆ ಮಕ್ಕಳೇ, ಎಲ್ಲರನ್ನೂ ಒಂದೇ ರೀತಿ ನೋಡಿಕೊಳ್ಳಿ ಎಂದರು. ಮಗ ಊರಿಗೆ ಬಂದದ್ದು 1966ರಲ್ಲಿ. ಇದನ್ನು ಶಿಸ್ತಿನ ಕಥೆಯೆಂದು ಹೇಳುವುದು ವಾಡಿಕೆ. ನಮಗೇನೋ ಇದು ಔದಾರ್ಯದ ಕಥೆಯೆಂದೇ ತೋರುತ್ತದೆ. ತನ್ನವನಿಗಾಗಿ ಸುಲಭವಾಗಿ ಸಿಗುವುದನ್ನು ಬೇಡವೆನ್ನುವುದು ಕೈಯೆತ್ತಿ ಕೊಡುವುದಕ್ಕಿಂತ ಕಷ್ಟ. ಗೊಬ್ಬರ ಹಂಚುವ ದಿನ ನಮ್ಮ ಸೊಸೈಟಿಯ ಕೌಂಟರಿನಲ್ಲಿ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ನಮ್ಮದೇ ವಿಚಾರ. ಎರಡು ಮೂರು ಎಕರೆ ಕಾಫಿ, ಅಂಗಳದ ಪಕ್ಕ ಒಂದಿಷ್ಟು ಅಡಿಕೆ, ಮೇಲೆ ಸೇನೆಯ ಪಿಂಚಣಿ: ಇದರಲ್ಲೇ ಬದುಕುವ ಮನೆಗಳು ನಮ್ಮ ಸದಸ್ಯರಲ್ಲಿ ಹಲವಾರಿವೆ. ದರ ಕುಸಿದ ವರ್ಷ ಒಲೆ ಉರಿಸುವುದು ಆ ಪಿಂಚಣಿಯೇ. ಈಗ ಅದೆಲ್ಲ 'ಸ್ಪರ್ಶ್' ಎಂಬ ಕಂಪ್ಯೂಟರ್ ವ್ಯವಸ್ಥೆಗೆ ಸೇರಿದೆ. ತಾನು ಬದುಕಿದ್ದೇನೆಂದು ವರ್ಷಕ್ಕೊಮ್ಮೆ ದೃಢಪಡಿಸದಿದ್ದರೆ ಹಣ ನಿಲ್ಲುತ್ತದೆ. ಮಕ್ಕಳು ಬೆಂಗಳೂರಿನಲ್ಲಿ, ಹವಾಲ್ದಾರರ ವಿಧವೆಯೊಬ್ಬರು ಮೊಬೈಲಿಗೆ ಬಂದ ಸಂಖ್ಯೆಯನ್ನು ಯಾರಿಗೆ ಓದಿ ಹೇಳಬೇಕು, ಯಾರಿಗೆ ಹೇಳಬಾರದು ಎಂದು ತಿಳಿಯದೆ ಕೂರುತ್ತಾರೆ. ಮನೆಯಲ್ಲಿ ಸಿಪಾಯಿಯಿದ್ದ ಕಾಲದ ಕಾಗದಗಳಲ್ಲಿ ಹೆಸರಿನ ಒಂದಕ್ಷರ ವ್ಯತ್ಯಾಸವಿದ್ದರೆ ಅಲೆದಾಟ ಬೇರೆ.

ಮುಂದಿನ ಜನವರಿಯ ಹಾರದ ಖರ್ಚನ್ನು ನಾವು ಕಡಿಮೆ ಮಾಡಬೇಕೆನ್ನುತ್ತಿಲ್ಲ. ಸಂತೆಯ ದಿನ ಬೆಳಿಗ್ಗೆ ಎರಡು ಗಂಟೆಯ ಕಾಲ ಸೊಸೈಟಿಯ ಕಂಪ್ಯೂಟರನ್ನೂ ಒಂದು ಮೇಜನ್ನೂ ಈ ಕೆಲಸಕ್ಕೆ ಬಿಟ್ಟುಕೊಡಬೇಕೆಂದು ಆಡಳಿತ ಮಂಡಲಿಯನ್ನು ಕೇಳುತ್ತಿದ್ದೇವೆ. ಸದಸ್ಯರಲ್ಲದವರ ಮನೆಯವರು ಬಂದರೂ ಹಿಂದಕ್ಕೆ ಕಳುಹಿಸಬಾರದು. ಕೂರಲು ಜನ ಬೇಕು. ನಿವೃತ್ತ ಸುಬೇದಾರರು, ಗುಮಾಸ್ತೆ ಕೆಲಸ ಬಲ್ಲವರು, ಕಾಲೇಜಿಗೆ ಹೋಗುವ ನಮ್ಮ ಮಕ್ಕಳು, ಯಾರಾದರೂ ಸರಿ. ಒಪ್ಪುವವರು ಸರ್ವಸದಸ್ಯರ ಸಭೆಗೆ ಮುಂಚೆ ಕಾರ್ಯದರ್ಶಿಯವರಲ್ಲಿ ಹೆಸರು ಬರೆಸಿರಿ.