ಖಾಲಿ ಜಾಗವನ್ನು ನಂಬಿ ಕೆಟ್ಟ ಲೆಕ್ಕ

ವರ್ಷಾಂತ್ಯದ ಬಾಕಿ ಪಟ್ಟಿಯನ್ನು ಹಳೆಯ ಡಾಸ್ ತಂತ್ರಾಂಶದಿಂದ ಮುದ್ರಿಸಿಕೊಂಡು, ಅದನ್ನೇ ಎದುರಿಗಿಟ್ಟು ಎಕ್ಸೆಲ್‌ನಲ್ಲಿ ಮತ್ತೊಮ್ಮೆ ಬೆರಳಚ್ಚು ಮಾಡುವ ಗುಮಾಸ್ತರು ಇಂದಿಗೂ ಮಂಡಿಗಳಲ್ಲಿದ್ದಾರೆ. ಗಣಕಯಂತ್ರದಲ್ಲಿಯೇ ಇರುವ ಅಂಕಿಯನ್ನು ಕಾಗದಕ್ಕೆ ಇಳಿಸಿ, ಕಾಗದದಿಂದ ಪುನಃ ಗಣಕಯಂತ್ರಕ್ಕೆ ಏರಿಸುವ ಈ ದುಡಿಮೆಗೆ ಸಂಬಳ ತೆರುವವರು ಮಾಲೀಕರೇ ಆಗಿರುತ್ತಾರೆ.

ಇದಕ್ಕೆ ಕಾರಣ ಸರಳ. ಆ ವರದಿಗಳು 80 ಅಥವಾ 132 ಅಕ್ಷರಗಳ ಅಗಲದ ಡಾಟ್ ಮ್ಯಾಟ್ರಿಕ್ಸ್ ಕಾಗದಕ್ಕಾಗಿ ಸಿದ್ಧವಾದವು. ಅಂಕಣಗಳ ನಡುವೆ ಅಲ್ಪವಿರಾಮವಿಲ್ಲ, ಟ್ಯಾಬ್ ಇಲ್ಲ. ಬರಿಯ ಖಾಲಿ ಜಾಗವಿದೆ. ಇಂತಹ ಕಡತವನ್ನು ಎಕ್ಸೆಲ್‌ಗೆ ತರುವಾಗ ಬಹುತೇಕರು ಖಾಲಿ ಜಾಗವನ್ನೇ ಗಡಿಯೆಂದು ಸೂಚಿಸುತ್ತಾರೆ. ಅನಾಹುತ ಆರಂಭವಾಗುವುದು ಅಲ್ಲಿಯೇ.

ಕೂಡ್ಲಿಗಿ, ಕೊಟ್ಟೂರು ಎಂಬ ಹೆಸರುಗಳು ಒಂದೇ ಕೋಶದಲ್ಲಿ ಕೂರುತ್ತವೆ. 'ಹೂವಿನ ಹಡಗಲಿ' ಎರಡಾಗಿ ಒಡೆಯುತ್ತದೆ. 'ಎಚ್. ಬಿ. ಹಳ್ಳಿ' ಎಂದು ಬಿಡಿಸಿ ಬರೆದಿದ್ದರೆ ಮೂರಾಗುತ್ತದೆ. ಆ ಸಾಲಿನ ಮೊತ್ತವು ಬಲಕ್ಕೆ ಸರಿದು, ಮೊತ್ತದ ಅಂಕಣದಲ್ಲಿ ಊರಿನ ಹೆಸರೋ ಶೇಂಗಾ ಚೀಲಗಳ ಸಂಖ್ಯೆಯೋ ಬಂದು ನಿಲ್ಲುತ್ತದೆ. ಮೊತ್ತ ಕೂಡಿಸುವ ಸೂತ್ರವು ಅಕ್ಷರವಿರುವ ಕೋಶವನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ; ಯಾವ ಎಚ್ಚರಿಕೆಯನ್ನೂ ನೀಡುವುದಿಲ್ಲ. ಹಡಗಲಿಯ ಗಿರಾಕಿಗಳ ಉದ್ರಿಯಷ್ಟೇ ಬಾಕಿಯಿಂದ ಮಾಯವಾದರೆ ಅದನ್ನು ಕಂಡುಹಿಡಿಯುವವರು ಯಾರು?

ಅಂಕಣಗಳು ಸ್ಥಾನದಿಂದ ನಿರ್ಧಾರವಾಗಿರುವಾಗ ಅವನ್ನು ಸ್ಥಾನದಿಂದಲೇ ಕತ್ತರಿಸಬೇಕು. ಎಕ್ಸೆಲ್‌ನ 'ಟೆಕ್ಸ್ಟ್ ಟು ಕಾಲಮ್ಸ್' ಸೌಲಭ್ಯದಲ್ಲಿ 'ಫಿಕ್ಸ್ಡ್ ವಿಡ್ತ್' ಎಂಬ ಆಯ್ಕೆ ಇರುವುದು ಇದಕ್ಕಾಗಿಯೇ. ಆದರೆ ಗೆರೆ ಎಳೆದು 'ಮುಗಿಯಿತು' ಎಂದು ಒತ್ತುವ ಅವಸರ ಸಲ್ಲದು. ಮುಂದಿನ ಹಂತದಲ್ಲಿ ಪ್ರತಿ ಅಂಕಣದ ಸ್ವರೂಪವನ್ನು ಹೇಳಬೇಕು. ಮಲ್ಲಿಗೆಯ ಎಚ್‌ಎಸ್‌ಎನ್ ಸಂಖ್ಯೆ 0603, ಈರುಳ್ಳಿಯದು 0703. ಇವನ್ನು ಅಕ್ಷರವೆಂದು ಸೂಚಿಸದಿದ್ದರೆ 603, 703 ಆಗಿ ಉಳಿಯುತ್ತವೆ. ಎಕ್ಸೆಲ್ 15 ಅಂಕಿಗಳನ್ನಷ್ಟೇ ನಿಖರವಾಗಿ ಹಿಡಿಯುವುದರಿಂದ 16 ಅಂಕಿಗಳ ಖಾತೆ ಸಂಖ್ಯೆಯ ಕೊನೆಯ ಅಂಕಿ ಸೊನ್ನೆಯಾಗುತ್ತದೆ. ದಿನ-ತಿಂಗಳು-ವರ್ಷ ಎಂಬ ಕ್ರಮ ತಿಳಿಸದೆ ಹೋದರೆ, ಅಮೆರಿಕದ ಪದ್ಧತಿಗೆ ಹೊಂದಿಸಿದ ಯಂತ್ರದಲ್ಲಿ ಜೂನ್ 5ರ ಖರೀದಿ ಮೇ 6ಕ್ಕೆ ಹೋಗುತ್ತದೆ. ಪ್ರತಿ ಪುಟದ ತಲೆಬರಹ, 'ಮುಂದಕ್ಕೆ ತಂದ ಮೊತ್ತ' ಇವೂ ಸಾಲುಗಳಾಗಿ ನುಸುಳಿರುತ್ತವೆ. ಅವನ್ನು ತೆಗೆಯುವ ಮೊದಲು ಎಲ್ಲ ಸಾಲುಗಳಿಗೂ ಕ್ರಮಸಂಖ್ಯೆ ಕೊಡುವುದು ಜಾಣತನ.

ಯಾವ ಕೌಶಲವೂ ಸರಿಪಡಿಸಲಾಗದ ದೋಷವೊಂದಿದೆ. ಹಗರಿಬೊಮ್ಮನಹಳ್ಳಿ ಎಂಬುದು ಇಂಗ್ಲಿಷ್ ಲಿಪಿಯಲ್ಲಿ 18 ಅಕ್ಷರ. ಊರಿಗೆ 12 ಅಕ್ಷರಗಳ ಜಾಗವಿಟ್ಟ ವರದಿಯಲ್ಲಿ ಅದರ ಬಾಲ ಕತ್ತರಿಸಿರುತ್ತದೆ. 13 ಅಕ್ಷರಗಳ ಹರಪನಹಳ್ಳಿಯೂ ಪೂರ್ತಿ ಹಿಡಿಸದು. (ಹರಪನಹಳ್ಳಿಯ ವರ್ತಕರ ಕಷ್ಟ ಇನ್ನೂ ಒಂದು ತೂಕ ಹೆಚ್ಚು: 1997ರಲ್ಲಿ ದಾವಣಗೆರೆಗೆ, 2018ರಲ್ಲಿ ಮರಳಿ ಬಳ್ಳಾರಿಗೆ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದ ಊರದು. ಒಂದೇ ಅಂಗಡಿ ಹಳೆಯ ಪಟ್ಟಿಗಳಲ್ಲಿ ಮೂರು ಜಿಲ್ಲೆಗಳಲ್ಲಿ ಕಾಣಿಸಿಕೊಂಡರೆ ಅಚ್ಚರಿಯಿಲ್ಲ.) ವ್ಯಕ್ತಿಗಳ ಹೆಸರೂ ಹೀಗೆಯೇ ತುಂಡಾದಾಗ ಇಬ್ಬರು ರೈತರ ಖಾತೆಗಳು ಒಂದೇ ಎನಿಸಿಬಿಡುವ ಅಪಾಯವಿದೆ. ಹೆಸರಿನ ಬದಲು ಖಾತೆ ಸಂಕೇತವನ್ನು ಆಧಾರವಾಗಿಟ್ಟುಕೊಂಡು ತಾಳೆ ನೋಡುವುದೊಂದೇ ಇದಕ್ಕೆ ದಾರಿ.

ವಾಸ್ತವವಾಗಿ ಈ ಹೊರೆಯೆಲ್ಲ ವರ್ತಕನ ಮೇಲೆ ಬೀಳಬೇಕಾದುದಲ್ಲ. ವಾರ್ಷಿಕ ನಿರ್ವಹಣಾ ಶುಲ್ಕ ಪಡೆಯುವ ತಂತ್ರಾಂಶದವರು ಅದೇ ವರದಿಯನ್ನು ಟ್ಯಾಬ್‌ನಿಂದ ಬೇರ್ಪಡಿಸಿ ಕೊಡುವುದು ದೊಡ್ಡ ಕೆಲಸವೇನಲ್ಲ. ಅಲ್ಪವಿರಾಮ ಬೇಡ, 1,25,000 ಎಂಬ ಮೊತ್ತವೇ ಮೂರು ತುಂಡಾದೀತು. ಶುಲ್ಕ ನವೀಕರಿಸುವ ದಿನವೇ ಈ ಬೇಡಿಕೆಯನ್ನು ಬರಹದಲ್ಲಿ ಇಡುವುದು ಸೂಕ್ತ, ಚೆಕ್ಕು ಕೈಬಿಟ್ಟ ಮೇಲೆ ಕೇಳುವವರಿರುವುದಿಲ್ಲ. ಅಲ್ಲಿಯವರೆಗೆ, ಮೂಲ ವರದಿಯ ಕೊನೆಯ ಪುಟದ ಒಟ್ಟು ಮೊತ್ತವೂ ಎಕ್ಸೆಲ್‌ನ ಒಟ್ಟು ಮೊತ್ತವೂ ಪೈಸೆಯವರೆಗೆ ಹೊಂದದೆ ಯಾವ ಪಟ್ಟಿಯೂ ಲೆಕ್ಕಪರಿಶೋಧಕರ ಮೇಜಿಗೆ ಹೋಗಕೂಡದು.